ಮೊಬೈಲು ಬಳಗಗಳೂ ಎದ್ದುಹೋಗುವ ಮರ್ಯಾದೆಯೂ

ಜನರು ಒಂದೆಡೆ ಕೂಡುವುದರ ಚರಿತ್ರೆಯನ್ನು ಕನ್ನಡ ನಾಡಿನಲ್ಲಿ ಬಹುಮಂದಿ ವಿದ್ವಾಂಸರು ಬರೆದಿರುವರು. ಅಗ್ರಹಾರದ ಮಹಾಜನರ ಸಭೆ, ಊರ ಚಾವಡಿ, ಸಂತೆ, ಜಾತ್ರೆ, ಶರಣರ ಅನುಭವಗೋಷ್ಠಿ ಇವುಗಳ ವಿಚಾರವಾಗಿ ಶಾಸನಗಳಿಂದಲೂ ಗ್ರಂಥಗಳಿಂದಲೂ ತಿಳಿದುಬರುವ ಸಂಗತಿಗಳು ಬೇಕಾದಷ್ಟಿವೆ. ಆದರೆ ಕೂಡಿದವರು ಎದ್ದುಹೋಗುವುದಕ್ಕೂ ಒಂದು ಚರಿತ್ರೆಯುಂಟೆಂಬುದು ಸಾಮಾನ್ಯವಾಗಿ ಲಕ್ಷ್ಯಕ್ಕೆ ಬರುವುದಿಲ್ಲ. ಯಾರು ಏಳಬಹುದು, ಯಾವಾಗ ಏಳಬಹುದು, ಹೇಳಿ ಏಳಬೇಕೋ ಹೇಳದೆ ಏಳಬೇಕೋ, ಎದ್ದವನನ್ನು ಉಳಿದವರು ಹೇಗೆ ಕಾಣಬೇಕು ಎಂಬ ಪ್ರಶ್ನೆಗಳಿಗೆ ಪ್ರತಿಯೊಂದು ಸಮಾಜವೂ ತನ್ನದೇ ಆದ ಉತ್ತರವನ್ನು ಕಟ್ಟಿಕೊಂಡಿರುತ್ತದೆ.

ಕನ್ನಡಿಗರ ಮನೆಗಳಲ್ಲಿ ಈ ವಿಷಯದಲ್ಲಿ ಬಹು ನಯವಾದ ಕಟ್ಟಳೆಗಳುಂಟು. ಹೊರಡುವವನು "ಹೋಗುತ್ತೇನೆ" ಎಂದು ಬಾಯಿಬಿಟ್ಟು ಆಡುವುದಿಲ್ಲ. "ಹೋಗಿಬರುತ್ತೇನೆ" ಎನ್ನುವನು, ಅಥವಾ ಬರಿದೆ "ಬರುತ್ತೇನೆ" ಎಂದು ಹೇಳಿಯೇ ಹೊಸಿಲು ದಾಟುವನು. ಶುಭಕಾರ್ಯಕ್ಕೆ ಬಂದವರಿಗೆ ತಾಂಬೂಲವನ್ನೂ, ಮುತ್ತೈದೆಯರಿಗೆ ಅರಿಸಿನ ಕುಂಕುಮವನ್ನೂ ಕೊಟ್ಟು ಕಳುಹಿಸುವುದು ವಾಡಿಕೆ. ಸಾವಿನ ಮನೆಯಲ್ಲಾದರೋ ಇದಕ್ಕೆ ವಿಪರೀತವಾದ ನಿಯಮವಿರುವುದು. ಅಲ್ಲಿ ಹೋಗಿಬರುತ್ತೇನೆಂದು ಹೇಳಬಾರದು. ಸದ್ದಿಲ್ಲದೆ ಎದ್ದು ಬರುವುದೇ ಮರ್ಯಾದೆ. ಹೇಳಿ ಹೋಗುವುದೂ ಹೇಳದೆ ಹೋಗುವುದೂ ಎರಡೂ ಸಂದರ್ಭಾನುಸಾರವಾಗಿ ಸೌಜನ್ಯವೇ ಆಗಬಹುದೆಂಬ ವಿವೇಕವು ಈ ಆಚಾರಗಳಲ್ಲಿ ಅಡಗಿದೆ. ಹೇಳದೆ ಎದ್ದುಹೋಗುವುದನ್ನು ಇಂಗ್ಲಿಷರು ಫ್ರೆಂಚರ ರೀತಿಯೆಂದೂ, ಫ್ರೆಂಚರು ಇಂಗ್ಲಿಷರ ರೀತಿಯೆಂದೂ ಕರೆದು, ಒಬ್ಬರ ಮೇಲೊಬ್ಬರು ದೋಷವನ್ನು ಹೊರಿಸಿಕೊಂಡಿರುವುದನ್ನು ನೋಡಿದರೆ, ಈ ಪ್ರಶ್ನೆಯು ಎಲ್ಲ ದೇಶಗಳ ಜನರನ್ನೂ ಕಾಡಿದುದೆಂದು ಗೊತ್ತಾಗುವುದು.

ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಈ ಪುರಾತನ ಪ್ರಶ್ನೆಯು ಮನೆಮನೆಗೂ ಹೊಸ ವೇಷದಲ್ಲಿ ಬಂದಿದೆ. ಹೊಸಕೋಟೆ ತಾಲ್ಲೂಕಿನಲ್ಲಿ ಪಿಲ್ಲಗುಂಪೆಯೆಂಬ ಗ್ರಾಮವಿದೆ. ಅಲ್ಲಿ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಏರ್ಪಡಿಸಿದ ಕೈಗಾರಿಕಾ ವಸಾಹತಿರುವುದು. ಒಂದು ಕಡೆ ಹೊಲ ಮನೆ ದೇವಸ್ಥಾನಗಳ ಹಳೆಯ ಬಾಳು, ಇನ್ನೊಂದು ಕಡೆ ಪಾಳಿಯ ಗಂಟೆಗೆ ನಡೆಯುವ ಹೊಸ ಬಾಳು ಇವೆರಡೂ ಒಂದೇ ಎಲ್ಲೆಯೊಳಗೆ ಸೇರಿರುವ ಇಂಥ ಸ್ಥಳಗಳಲ್ಲಿ ಒಬ್ಬ ಮನುಷ್ಯನು ಏಕಕಾಲದಲ್ಲಿ ಎಷ್ಟು ಕೂಟಗಳಿಗೆ ಸೇರಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ನಂಟರ ಗ್ರೂಪು, ಮಕ್ಕಳ ಶಾಲೆಯ ಗ್ರೂಪು, ಕಾರ್ಖಾನೆಯ ಗ್ರೂಪು, ಸ್ತ್ರೀಶಕ್ತಿ ಸಂಘದ ಗ್ರೂಪು, ಊರಹಬ್ಬದ ಗ್ರೂಪು, ಪಕ್ಷದವರ ಗ್ರೂಪು, ಇವೆಲ್ಲವೂ ಒಂದು ಅಂಗೈಯಗಲದ ಸ್ಮಾರ್ಟ್‌ಫೋನಿನೊಳಗೆ ಹಗಲಿರುಳೂ ಮಾತನಾಡುತ್ತಿರುವುವು. ಇವುಗಳಿಂದ ಏಳುವ ಬಗೆ ಯಾವುದು? ಏಳಲಾಗದಿದ್ದರೆ ಇವುಗಳ ಸದ್ದನ್ನು ಅಡಗಿಸುವ ಬಗೆ ಯಾವುದು? ಇದಕ್ಕೆ ಉತ್ತರವು ಹೇಗೆ ಹಂತಹಂತವಾಗಿ ರೂಪುಗೊಂಡಿತೆಂಬುದನ್ನು ತಿಳಿಯುವುದು ಪ್ರಯೋಜನಕರವಾಗಿದೆ.

ಹಿಂದೆ ಊರಿಗೆಲ್ಲ ಒಂದು ಸುದ್ದಿಯನ್ನು ಮುಟ್ಟಿಸಬೇಕಾದರೆ ತಮಟೆ ಬಾರಿಸಿ ಡಂಗುರ ಸಾರಿಸುತ್ತಿದ್ದರು. ತೋಟಿಯೋ ತಳವಾರನೋ ಬೀದಿಯ ಮೂಲೆಯಲ್ಲಿ ನಿಂತು ಕೆರೆಯ ತೂಬು ಎತ್ತುವುದನ್ನೋ, ಕಂದಾಯದ ಕಂತನ್ನೋ, ಮಾರಿಹಬ್ಬದ ದಿವಸವನ್ನೋ ಕೂಗಿ ಹೇಳಿ ಮುಂದಿನ ಬೀದಿಗೆ ಹೋಗುತ್ತಿದ್ದನು. ಆ ಸಾರಿಕೆಯು ಕಿವಿಗೆ ಬಿದ್ದೇ ಬೀಳುತ್ತಿದ್ದಿತು. ಬೇಡವೆನ್ನಲು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಅದಕ್ಕೆ ಒಂದು ಕೊನೆಯಿದ್ದಿತು. ಬೀದಿ ಮುಗಿದಲ್ಲಿ ಸದ್ದೂ ಮುಗಿಯುತ್ತಿದ್ದಿತು. ಸಾರುವವನು ಯಾರು, ಸಾರಿಸಿದವರು ಯಾರು ಎಂಬುದೂ ಎಲ್ಲರಿಗೂ ತಿಳಿದಿರುತ್ತಿದ್ದಿತು.

ದೂರವಾಣಿಯು ಬಂದಮೇಲೆ ಈ ಸ್ಥಿತಿಯು ಬದಲಾಯಿತು. ಹೊಸಕೋಟೆಯಿಂದ ಬೆಂಗಳೂರಿಗೆ ಹೋಗುವ ಹಳೆಯ ಮದರಾಸು ರಸ್ತೆಯಲ್ಲಿ, ಕೃಷ್ಣರಾಜಪುರದ ಬಳಿ, ದೂರವಾಣಿನಗರವೆಂಬ ಹೆಸರಿನ ಬಡಾವಣೆಯುಂಟು. ಸ್ವತಂತ್ರ ಭಾರತದ ಪ್ರಥಮ ಸರಕಾರಿ ಉದ್ಯಮಗಳಲ್ಲಿ ಒಂದಾದ ಭಾರತೀಯ ದೂರವಾಣಿ ಕಾರ್ಖಾನೆಯು ೧೯೪೮ರಲ್ಲಿ ಸ್ಥಾಪಿತವಾದುದು ಅಲ್ಲಿಯೇ. ದೇಶದ ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಬಹುಕಾಲ ಮೊಳಗುತ್ತಿದ್ದ ಕರಿಯ ಟೆಲಿಫೋನುಗಳು ಅಲ್ಲಿ ತಯಾರಾಗುತ್ತಿದ್ದುವು. ಆದರೂ ಅದರ ನೆರೆಯ ಹಳ್ಳಿಗಳಿಗೆ ದೂರವಾಣಿಯು ಸುಲಭವಾಗಿ ದೊರೆಯಲಿಲ್ಲ. ಗ್ರಾಮಗಳಿಗಾಗಿಯೇ ದೇಶೀಯವಾಗಿ ನಿರ್ಮಿಸಿದ ಸಣ್ಣ ಸ್ವಯಂಚಾಲಿತ ವಿನಿಮಯಕೇಂದ್ರವು ೧೯೮೬ರಲ್ಲಿ ಮೊದಲು ನೆಲೆಗೊಂಡುದು ಕರ್ನಾಟಕದ ಕಿತ್ತೂರಿನಲ್ಲಿಯೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಊರಿಗೊಂದೆರಡು ಟೆಲಿಫೋನುಗಳಿದ್ದ ಆ ದಿನಗಳಲ್ಲಿ ಮಾತು ದುಬಾರಿಯಾದ ಪದಾರ್ಥವಾಗಿದ್ದಿತು. ಅದನ್ನು ಅಡಗಿಸುವ ಉಪಾಯವನ್ನು ಯಾರೂ ಹುಡುಕುತ್ತಿರಲಿಲ್ಲ.

ಅಮೆರಿಕದ ಗ್ರಾಮಾಂತರಗಳಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೇರೊಂದು ಏರ್ಪಾಡಿದ್ದಿತು. ಹಲವು ಮನೆಗಳಿಗೆ ಒಂದೇ ತಂತಿಯನ್ನು ಎಳೆದು, ಒಂದೊಂದು ಮನೆಗೆ ಒಂದೊಂದು ಬಗೆಯ ಗಂಟೆಯ ಸನ್ನೆಯನ್ನು ಗೊತ್ತುಮಾಡಿದ್ದರು. ಯಾರ ಮನೆಗೆ ಕರೆ ಬಂದರೂ ಮಿಕ್ಕವರು ಕಿವಿಗೊಟ್ಟು ಕೇಳಬಹುದಾಗಿದ್ದಿತು. ಗುಂಪಿನ ತಂತಿಯ ಮೇಲೆ ಗುಟ್ಟು ಉಳಿಯದೆಂಬ ಅನುಭವವು ಆ ರೈತರಿಗೆ ಸ್ಮಾರ್ಟ್‌ಫೋನಿಗಿಂತ ಬಹಳ ಹಿಂದೆಯೇ ಆಗಿದ್ದಿತು.

ಅಕ್ಷರರೂಪದ ಸಂದೇಶವು ದೂರವಾಣಿಯ ಮೇಲೆ ಮೊದಲು ಹೋದುದು ೧೯೯೨ನೆಯ ಡಿಸೆಂಬರ್ ೩ರಂದು, ಇಂಗ್ಲೆಂಡಿನಲ್ಲಿ. ನೀಲ್ ಪ್ಯಾಪ್‌ವರ್ತ್ ಎಂಬ ತರುಣ ತಂತ್ರಜ್ಞನು ಕ್ರಿಸ್ಮಸ್ ಹಬ್ಬದ ಶುಭಾಶಯವನ್ನು ಕಳುಹಿಸಿದನು. ಭಾರತದಲ್ಲಿ ಮೊಬೈಲು ಸೇವೆಯು ೧೯೯೫ನೆಯ ಜುಲೈ ೩೧ರಂದು ಕಲ್ಕತ್ತೆಯಿಂದ ದಿಲ್ಲಿಗೆ ಮಾಡಿದ ಒಂದು ಕರೆಯಿಂದ ಪ್ರಾರಂಭವಾಯಿತು. ನೂರರವತ್ತು ಅಕ್ಷರಗಳಿಗೆ ಮೀರದ ಆ ಚಿಕ್ಕ ಸಂದೇಶಗಳಲ್ಲಿ ನಿಜವಾದ ಕೂಟವೆಂಬುದಿರಲಿಲ್ಲ. ಒಬ್ಬನು ಹತ್ತು ಮಂದಿಗೆ ಒಂದೇ ವಾಕ್ಯವನ್ನು ಕಳುಹಿಸಬಹುದಾಗಿದ್ದಿತು, ಅಷ್ಟೆ. ಹೆಸರುಗಳ ಪಟ್ಟಿಯಿದ್ದುದು ಕಳುಹಿಸುವವನ ಫೋನಿನೊಳಗೆ. ಆದಕಾರಣ ಆ ಪಟ್ಟಿಯಿಂದ ತನ್ನ ಹೆಸರನ್ನು ತಾನೇ ತೆಗೆದುಹಾಕಿಕೊಳ್ಳುವ ಮಾರ್ಗವು ಸಂದೇಶ ಪಡೆಯುವವನಿಗೆ ಇರಲಿಲ್ಲ, ಕಳುಹಿಸುವವನನ್ನು ಬೇಡಿಕೊಳ್ಳಬೇಕಾಗಿದ್ದಿತು.

ನಿಜವಾದ ಕೂಟವು ಹುಟ್ಟಿದುದು ಗಣಕಯಂತ್ರಗಳ ಲೋಕದಲ್ಲಿ. ೧೯೮೮ರಲ್ಲಿ ಫಿನ್ಲೆಂಡ್ ದೇಶದ ಔಲು ನಗರದ ವಿಶ್ವವಿದ್ಯಾನಿಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬಾತನು ಅನೇಕರು ಏಕಕಾಲದಲ್ಲಿ ಬರೆದು ಸಂಭಾಷಿಸುವ ಒಂದು ವ್ಯವಸ್ಥೆಯನ್ನು ನಿರ್ಮಿಸಿದನು. ಅದರಲ್ಲಿ ಕೂಟವನ್ನು ಸೇರುವುದಕ್ಕೊಂದು ಆಜ್ಞೆ, ಬಿಡುವುದಕ್ಕೊಂದು ಆಜ್ಞೆ, ಒಬ್ಬನ ಮಾತು ತನಗೆ ಕಾಣದಂತೆ ಮಾಡಿಕೊಳ್ಳುವುದಕ್ಕೊಂದು ಆಜ್ಞೆ ಇದ್ದುವು. ಯಾರಾದರೂ ಬಿಟ್ಟುಹೋದರೆ ಇಂಥವನು ಹೊರಟನೆಂಬ ಒಂದು ಸಾಲು ಎಲ್ಲರ ತೆರೆಯ ಮೇಲೂ ಮೂಡುತ್ತಿದ್ದಿತು. ಅಲ್ಲಿ ಸೇರುತ್ತಿದ್ದವರು ಬಹುಮಟ್ಟಿಗೆ ಅಪರಿಚಿತರು. ದಿನಕ್ಕೆ ಹತ್ತು ಸಲ ಬರುವರು, ಹತ್ತು ಸಲ ಹೋಗುವರು. ಆದುದರಿಂದ ಆ ಸಾಲು ಯಾರ ಮನಸ್ಸನ್ನೂ ನೋಯಿಸುವಂಥದಾಗಿರಲಿಲ್ಲ.

ವಾಟ್ಸಾಪ್ ಎಂಬ ಸಂದೇಶವಾಹಕವನ್ನು ಯಾನ್ ಕೌಮ್ ಮತ್ತು ಬ್ರಯನ್ ಆಕ್ಟನ್ ಎಂಬವರು ೨೦೦೯ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದರು. ಅದರಲ್ಲಿ ಗ್ರೂಪುಗಳ ಅನುಕೂಲವು ೨೦೧೧ರಲ್ಲಿ ಬಂದಿತು. ೨೦೧೪ರಲ್ಲಿ ಫೇಸ್‌ಬುಕ್ ಕಂಪನಿಯು ಅದನ್ನು ಕೊಂಡುಕೊಂಡಿತು. ಒಂದು ಗ್ರೂಪಿನಲ್ಲಿರಬಹುದಾದ ಜನರ ಮಿತಿಯು ಆ ವರ್ಷದ ಕೊನೆಗೆ ೧೦೦, ೨೦೧೬ರಲ್ಲಿ ೨೫೬, ೨೦೨೨ರಲ್ಲಿ ಮೊದಲು ೫೧೨, ಅನಂತರ ೧,೦೨೪ ಎಂಬಂತೆ ಬೆಳೆಯಿತು. ೨೦೧೬ನೆಯ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಪ್ರಾರಂಭವಾಗಿ ಇಂಟರ್ನೆಟ್ಟಿನ ದರಗಳು ಬಿದ್ದುಹೋದಮೇಲೆ, ಪಟ್ಟಣದ ವಿದ್ಯಾವಂತರ ವಿನೋದವಾಗಿದ್ದ ಈ ಕೂಟಗಳು ಹಳ್ಳಿಯ ಜಗಲಿಗಳಿಗೂ ಇಳಿದುವು.

ಇಲ್ಲಿಯೇ ತೊಡಕು ಹುಟ್ಟಿತು. ಅಪರಿಚಿತರ ಕೂಟದಲ್ಲಿ ನಿರುಪದ್ರವಿಯಾಗಿದ್ದ ಆ ಹೊರಟುಹೋದ ಸಾಲು ನಂಟರ ಕೂಟಕ್ಕೆ ಬಂದಾಗ ಬಾಣದಂತಾಯಿತು. ಇಂಥ ಸೊಸೆ ಹೊರಟುಹೋದಳು, ಇಂಥ ತಮ್ಮ ಹೊರಟುಹೋದನು ಎಂಬ ಬರಹವು ಇಡೀ ಬಳಗದ ಕಣ್ಣಮುಂದೆ ನಿಲ್ಲುತ್ತಿದ್ದಿತು. "ಹೋಗಿಬರುತ್ತೇನೆ" ಎನ್ನುವ ಜನರ ಪಾಲಿಗೆ ಅದು ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋದುದಕ್ಕೆ ಸಮಾನವಾಗಿದ್ದಿತು. ದಿನಕ್ಕೆ ಐವತ್ತು ಶುಭೋದಯದ ಚಿತ್ರಗಳಿಂದ ಬೇಸತ್ತವನಿಗೂ, ಬಳಗದ ಮೇಲೆಯೇ ಮುನಿದವನಿಗೂ ಆ ಸಾಲು ಯಾವ ಭೇದವನ್ನೂ ಮಾಡುತ್ತಿರಲಿಲ್ಲ.

ಈ ಎರಡು ಉಪಾಯಗಳ, ಎಂದರೆ ಬಿಡುವುದು ಮತ್ತು ಸದ್ದಡಗಿಸುವುದು ಎಂಬವುಗಳ, ಒಳಗಿನ ಕೆಲಸವನ್ನು ತಿಳಿದರೆ ಇವುಗಳ ಅಂತರವು ಸ್ಪಷ್ಟವಾಗುವುದು. ಗ್ರೂಪಿನ ಸದಸ್ಯರ ಪಟ್ಟಿಯು ಕಂಪನಿಯ ಗಣಕಕೇಂದ್ರದಲ್ಲಿರುತ್ತದೆ. ಒಬ್ಬನು ಗ್ರೂಪನ್ನು ಬಿಟ್ಟನೆಂದರೆ ಆ ಪಟ್ಟಿಯಿಂದ ಅವನ ಹೆಸರು ಹೋಗುತ್ತದೆ. ಅಷ್ಟೇ ಅಲ್ಲ, ೨೦೧೬ರಿಂದ ಎಲ್ಲ ಸಂದೇಶಗಳಿಗೂ ಗೂಢಲಿಪಿಯ ರಕ್ಷಣೆಯಿರುವುದರಿಂದ, ಒಬ್ಬನು ಹೊರಟೊಡನೆ ಉಳಿದವರೆಲ್ಲರ ಫೋನುಗಳೂ ತಮ್ಮ ತಮ್ಮ ಬೀಗದ ಕೈಗಳನ್ನು ಬಿಸಾಡಿ ಹೊಸವನ್ನು ಮಾಡಿಕೊಳ್ಳುವುವು. ಪಾಲು ಹಂಚಿಕೊಂಡು ಹೋದ ದಾಯಾದಿಯ ಹಿಂದೆಯೇ ಮನೆಯ ಬೀಗಗಳನ್ನೆಲ್ಲ ಬದಲಾಯಿಸಿದಂತೆ ಇದು. ಸದ್ದಡಗಿಸುವುದಾದರೋ, ಅಂದರೆ ಜನರು ಮ್ಯೂಟ್ ಮಾಡುವುದೆಂದು ಹೇಳುವ ಕ್ರಿಯೆಯು, ಯಾರಿಗೂ ತಿಳಿಯುವುದಿಲ್ಲ. ಸಂದೇಶಗಳು ಎಂದಿನಂತೆ ಬಂದು ಸೇರುತ್ತಿರುವುವು; ಗಂಟೆ ಮಾತ್ರ ಬಾರಿಸುವುದಿಲ್ಲ. ಸಭೆಯಲ್ಲಿ ಕುಳಿತೇ ತೂಕಡಿಸುವವನ ಸ್ಥಿತಿಗೆ ಇದನ್ನು ಹೋಲಿಸಬಹುದು. ೨೦೧೬ರಲ್ಲಿ ಗ್ರೂಪಿನೊಳಗೆ ಒಬ್ಬನನ್ನು ಹೆಸರು ಹಿಡಿದು ಕರೆಯುವ ಅನುಕೂಲವು ಬಂದಾಗ, ಸದ್ದಡಗಿಸಿದವನಿಗೂ ಆ ಕರೆಯು ಕೇಳಿಸುವಂತೆ ಏರ್ಪಡಿಸಿದರು. ತೂಕಡಿಸುವವನು ತನ್ನ ಹೆಸರು ಕೇಳಿ ಬೆಚ್ಚಿ ಎಚ್ಚರಗೊಳ್ಳುವುದೂ ಹೀಗೆಯೇ ಅಲ್ಲವೆ?

ಗುಂಪಿನ ಸಂದೇಶಗಳನ್ನು ವ್ಯಕ್ತಿಗಳಲ್ಲದೆ ಸರಕಾರವೇ ಅಡಗಿಸಿದ ಒಂದು ಪ್ರಸಂಗವು ಕರ್ನಾಟಕದ ಈಚಿನ ಚರಿತ್ರೆಯಲ್ಲಿ ಮರೆಯಬಾರದುದಾಗಿದೆ. ೨೦೧೨ನೆಯ ಆಗಸ್ಟ್ ತಿಂಗಳ ಮಧ್ಯದಲ್ಲಿ, ಈಶಾನ್ಯ ಭಾರತದವರ ಮೇಲೆ ಹಲ್ಲೆ ನಡೆಯುವುದೆಂಬ ಸುಳ್ಳು ಸಂದೇಶಗಳು ಬೆಂಗಳೂರಿನಲ್ಲಿ ಫೋನಿನಿಂದ ಫೋನಿಗೆ ಹರಡಿದುವು. ಸಾವಿರಾರು ಮಂದಿ ವಿದ್ಯಾರ್ಥಿಗಳೂ ಕಾರ್ಮಿಕರೂ ಕೈಗೆ ಸಿಕ್ಕಿದ ಗಂಟನ್ನು ಹಿಡಿದು ರೈಲು ನಿಲ್ದಾಣಕ್ಕೆ ನುಗ್ಗಿದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಮುಖ್ಯಮಂತ್ರಿ ಜಗದೀಶ ಶೆಟ್ಟರರೂ ಮಂತ್ರಿಗಳೂ ಅಭಯವನ್ನಿತ್ತರೂ ಜನರ ಭೀತಿಯು ಕೂಡಲೆ ಅಡಗಲಿಲ್ಲ. ಕೇಂದ್ರ ಸರಕಾರವು ಆಗಸ್ಟ್ ೧೭ರಂದು ಗುಂಪಿನ ಸಂದೇಶಗಳನ್ನು ದೇಶದಾದ್ಯಂತ ಹದಿನೈದು ದಿನಗಳ ಕಾಲ ನಿಷೇಧಿಸಿ, ಒಂದು ಬಾರಿಗೆ ಐದು ಮಂದಿಗಿಂತ ಹೆಚ್ಚಿನವರಿಗೆ ಕಳುಹಿಸದಂತೆ ಕಟ್ಟುಮಾಡಿತು. ಕೆಲವು ದಿವಸಗಳಲ್ಲಿ ಈ ಮಿತಿಯನ್ನು ಇಪ್ಪತ್ತಕ್ಕೆ ಏರಿಸಿದರು. ಆಪತ್ಕಾಲದಲ್ಲಿ ಅದು ಅವಶ್ಯಕವಾಗಿದ್ದಿರಬಹುದು. ಆದರೆ ಸುಳ್ಳನ್ನು ಕಟ್ಟಿದ ಆ ಹಗ್ಗವೇ ಧೈರ್ಯ ಹೇಳುವವರ ಬಾಯನ್ನೂ ಕಟ್ಟಿತೆಂಬುದನ್ನು ಮರೆಯುವಂತಿಲ್ಲ.

ಆರು ವರ್ಷಗಳ ತರುವಾಯ ಇನ್ನೂ ಘೋರವಾದ ಸಂಗತಿ ನಡೆಯಿತು. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿರುವರೆಂಬ ಪುಕಾರು ದೇಶದ ಅನೇಕ ಭಾಗಗಳಲ್ಲಿ ಹಬ್ಬಿದ್ದಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕಡೆಯ ಒಬ್ಬ ನಿರಪರಾಧಿಯನ್ನೂ, ಜುಲೈ ೧೩ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ತರುಣನನ್ನೂ ಜನರ ಗುಂಪು ಹೊಡೆದು ಕೊಂದಿತು. ಮುರ್ಕಿಯ ಪ್ರಕರಣದಲ್ಲಿ ಪೋಲೀಸರು ಬಂಧಿಸಿದವರೊಳಗೆ ವಾಟ್ಸಾಪ್ ಗ್ರೂಪೊಂದರ ಅಡ್ಮಿನ್ನನೂ ಇದ್ದನು. ಅದೇ ಜುಲೈ ತಿಂಗಳಲ್ಲಿ ಕಂಪನಿಯು ಭಾರತದ ವೃತ್ತಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತುಗಳನ್ನು ಕೊಟ್ಟು, ಸುಳ್ಳನ್ನು ಗುರುತಿಸುವ ಬಗೆಯನ್ನು ವಿವರಿಸಿ, ಬೇಡವಾದ ಗ್ರೂಪನ್ನು ಬಿಟ್ಟುಬಿಡಬಹುದೆಂದೂ ತಿಳಿಸಿತು. ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಫಾರ್ವರ್ಡ್ ಮಾಡದಂತೆ ಭಾರತದಲ್ಲಿ ಮಿತಿಯನ್ನೂ ಹಾಕಿತು. ೨೦೧೯ರ ಜನವರಿಯಲ್ಲಿ ಈ ಮಿತಿಯು ಲೋಕಕ್ಕೆಲ್ಲ ಅನ್ವಯವಾಯಿತು.

ಇಲ್ಲಿ ವಿವೇಕಿಗಳು ಆಲೋಚಿಸಬೇಕಾದ ಮಾತೊಂದಿದೆ. ಸದ್ದಡಗಿಸಿದವನಿಗೆ ಪುಕಾರಿನ ಪೀಡೆ ತಪ್ಪುವುದು. ಆದರೆ ಪುಕಾರು ನಿಲ್ಲುವುದಿಲ್ಲ. ಇದು ಸುಳ್ಳೆಂದು ಹೇಳಬಲ್ಲ ಮನುಷ್ಯನು ಕಿವಿ ಮುಚ್ಚಿಕೊಂಡಿದ್ದರೆ, ಇಲ್ಲವೆ ಎದ್ದುಹೋಗಿದ್ದರೆ, ಆ ಗ್ರೂಪಿನಲ್ಲಿ ಉಳಿಯುವವರು ನಂಬುವವರು ಮಾತ್ರ. ಊರ ಚಾವಡಿಯಲ್ಲಿ ಹಿರಿಯನೊಬ್ಬನು ಮೌನವಾಗಿದ್ದರೆ ಆ ಮೌನವೂ ಎಲ್ಲರಿಗೂ ಕಾಣುತ್ತಿದ್ದಿತು. ಅವನು ಒಪ್ಪಲಿಲ್ಲವೆಂದು ಮುಖ ನೋಡಿಯೇ ಜನ ತಿಳಿಯುತ್ತಿದ್ದರು. ಮೊಬೈಲಿನ ಮೌನಕ್ಕೆ ಮುಖವಿಲ್ಲ. ಅದನ್ನು ಸಮ್ಮತಿಯೆಂದೂ ತಿಳಿಯಬಹುದು, ನಿದ್ರೆಯೆಂದೂ ತಿಳಿಯಬಹುದು.

ಇಷ್ಟಾದರೂ ಬಿಡುವವನ ಹಕ್ಕುಗಳು ಕ್ರಮೇಣ ಬೆಳೆದುವು. ಬಿಟ್ಟವನನ್ನು ಮೇಲಿಂದ ಮೇಲೆ ಎಳೆದು ತಂದು ಸೇರಿಸುವ ಉಪದ್ರವಕ್ಕೆ ೨೦೧೮ನೆಯ ಮೇ ತಿಂಗಳಲ್ಲಿ ತಡೆಯುಂಟಾಯಿತು. ೨೦೧೯ನೆಯ ಏಪ್ರಿಲಿನಲ್ಲಿ, ತನ್ನನ್ನು ಗ್ರೂಪಿಗೆ ಸೇರಿಸುವ ಅಧಿಕಾರವು ಯಾರಿಗಿರಬೇಕೆಂಬುದನ್ನು ಪ್ರತಿಯೊಬ್ಬನೂ ತಾನೇ ಗೊತ್ತುಮಾಡಿಕೊಳ್ಳುವ ಅನುಕೂಲವು ಬಂದಿತು. ಅಲ್ಲಿಯವರೆಗೆ ಒಬ್ಬನ ನಂಬರು ತಿಳಿದಿದ್ದವರೆಲ್ಲರೂ ಅವನನ್ನು ಕೇಳದೆಯೇ ಸೇರಿಸಬಹುದಾಗಿದ್ದಿತು. ಸದ್ದಡಗಿಸುವ ಅವಧಿಯು ಮೊದಲು ಎಂಟು ಗಂಟೆ, ಒಂದು ವಾರ, ಒಂದು ವರ್ಷ ಎಂದಿದ್ದುದು, ೨೦೨೦ರ ಅಕ್ಟೋಬರಿನಲ್ಲಿ ವರ್ಷದ ಬದಲು ಸದಾಕಾಲ ಎಂದಾಯಿತು. ೨೦೨೧ರಲ್ಲಿ, ಒಮ್ಮೆ ಅಟ್ಟಕ್ಕೆ ಹಾಕಿದ ಗ್ರೂಪು ಹೊಸ ಸಂದೇಶ ಬಂದಮಾತ್ರಕ್ಕೆ ಮತ್ತೆ ಕೆಳಗಿಳಿಯದಂತೆ ಮಾಡಿದರು. ಕಡೆಗೆ ೨೦೨೨ನೆಯ ಆಗಸ್ಟಿನಲ್ಲಿ, ಬಿಟ್ಟುಹೋಗುವವನ ಸುದ್ದಿಯು ಅಡ್ಮಿನ್ನರಿಗೆ ಮಾತ್ರ ತಿಳಿಯುವಂತೆಯೂ, ಉಳಿದವರಿಗೆ ಸಾರದಂತೆಯೂ ಬದಲಾವಣೆಯನ್ನು ಪ್ರಕಟಿಸಿದರು. ಹೋದವರ ಹೆಸರನ್ನು ಹುಡುಕಿ ನೋಡಬೇಕೆನ್ನುವವರಿಗೆ ಅರವತ್ತು ದಿನಗಳವರೆಗೆ ಒಂದು ಪಟ್ಟಿಯುಂಟು, ಆದರೆ ಡಂಗುರವಿಲ್ಲ. ಸಾವಿನ ಮನೆಯಿಂದ ಸದ್ದಿಲ್ಲದೆ ಏಳುವ ಆಚಾರದ ಸೂಕ್ಷ್ಮವನ್ನು ಯಂತ್ರವು ಕಲಿಯುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು.

ನ್ಯಾಯಾಲಯಗಳೂ ಈ ಕೂಟಗಳ ಸ್ವರೂಪವನ್ನು ಪರಾಮರ್ಶಿಸಿವೆ. ಒಬ್ಬ ಸದಸ್ಯನು ಆಕ್ಷೇಪಾರ್ಹವಾದುದನ್ನು ಬರೆದಮಾತ್ರಕ್ಕೆ ಅಡ್ಮಿನ್ನನು ಅಪರಾಧಿಯಾಗಲಾರನೆಂದು ಮುಂಬಯಿ ಹೈಕೋರ್ಟಿನ ನಾಗಪುರ ಪೀಠವು ೨೦೨೧ರಲ್ಲಿಯೂ, ಕೇರಳ ಹೈಕೋರ್ಟು ೨೦೨೨ರಲ್ಲಿಯೂ ತೀರ್ಪಿತ್ತುವು. ಸದಸ್ಯರನ್ನು ಸೇರಿಸುವುದೂ ತೆಗೆಯುವುದೂ ಅಡ್ಮಿನ್ನನ ಮುಖ್ಯಾಧಿಕಾರವೇ ಹೊರತು, ಅವರ ನಾಲಗೆಯ ಮೇಲೆ ಅವನಿಗೆ ಹಿಡಿತವಿಲ್ಲವೆಂಬುದು ಇದರ ತಾತ್ಪರ್ಯ. ಹಾಗಿದ್ದಮೇಲೆ ಕೂಟದ ಮರ್ಯಾದೆಯ ಹೊಣೆಯು ಕೂಟದಲ್ಲಿರುವವರೆಲ್ಲರದೂ ಆಗುವುದು.

ಬಿಡುವ ಹಕ್ಕು ಕಾಗದದ ಮೇಲೆ ಎಲ್ಲರಿಗೂ ಸಮವಾಗಿದ್ದರೂ ಬಾಳಿನಲ್ಲಿ ಹಾಗಿಲ್ಲ. ೨೦೨೦ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಪಾಠಗಳೂ ಸೂಚನೆಗಳೂ ವಾಟ್ಸಾಪ್ ಗ್ರೂಪುಗಳ ಮೂಲಕವೇ ಬರತೊಡಗಿದುವು. ಕರ್ನಾಟಕ ಸರಕಾರದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಅವರ ಮನೆಗಳಲ್ಲಿದ್ದ ಸಾಧನಗಳಿಗನುಸಾರವಾಗಿ ವಿಂಗಡಿಸಿಕೊಳ್ಳಬೇಕಾಯಿತು. ಮನೆಯಲ್ಲಿದ್ದ ಒಂದೇ ಫೋನನ್ನು ತಂದೆಯು ಕೆಲಸಕ್ಕೆ ಒಯ್ದರೆ ಮಗುವಿನ ಶಾಲೆಯೇ ಎದ್ದುಹೋದಂತಾಗುತ್ತಿದ್ದಿತು. ಅಂಥ ಗ್ರೂಪನ್ನು ಬಿಡುವುದೆಂದರೆ ವಿದ್ಯೆಯನ್ನು ಬಿಡುವುದೇ ಆಗಿದ್ದಿತು.

ಕೆಲಸಗಾರರ ಸ್ಥಿತಿಯೂ ಇದಕ್ಕೆ ಸಮೀಪವಾದುದು. ಪಿಲ್ಲಗುಂಪೆಯಂಥ ವಸಾಹತಿನಲ್ಲಿ ನಾಳಿನ ಪಾಳಿಯ ಸೂಚನೆಯು ಗ್ರೂಪಿನ ಮೂಲಕವೇ ಬರುವುದಾದರೆ, ಗುತ್ತಿಗೆಯ ಕೂಲಿಕಾರನು ಅದರಿಂದ ಏಳುವುದು ಹೇಗೆ? ಹಿಂದೆ ಕಾರ್ಖಾನೆಯ ಕೂಗು ನಿಂತರೆ ಕೆಲಸವೂ ನಿಲ್ಲುತ್ತಿದ್ದಿತು; ಈಗ ಮೇಸ್ತ್ರಿಯ ಮಾತು ಉಣ್ಣುವ ತಟ್ಟೆಯ ಪಕ್ಕದಲ್ಲಿ ಗುಣುಗುಟ್ಟಬಲ್ಲುದು. ಫ್ರಾನ್ಸ್ ದೇಶವು ಇದನ್ನು ಮನಗಂಡು, ದುಡಿಮೆಯ ವೇಳೆ ಮುಗಿದಮೇಲೆ ಸಂಪರ್ಕವನ್ನು ಕಡಿದುಕೊಳ್ಳುವ ಹಕ್ಕನ್ನು ೨೦೧೭ನೆಯ ಜನವರಿ ೧ರಿಂದ ಶಾಸನದಲ್ಲಿ ಸೇರಿಸಿತು. ಆಸ್ಟ್ರೇಲಿಯ ದೇಶದಲ್ಲಿ ಇಂಥದೇ ನಿಯಮವು ೨೦೨೪ನೆಯ ಆಗಸ್ಟಿನಲ್ಲಿ ಜಾರಿಗೆ ಬಂದಿತು. ಭಾರತದ ಲೋಕಸಭೆಯಲ್ಲಿ ೨೦೧೮ರ ಡಿಸೆಂಬರಿನಲ್ಲಿ ಸುಪ್ರಿಯಾ ಸುಳೆಯವರು ಈ ಉದ್ದೇಶದ ಒಂದು ಖಾಸಗಿ ಮಸೂದೆಯನ್ನು ಮಂಡಿಸಿದರು, ಅದು ಕಾನೂನಾಗಲಿಲ್ಲ.

ಇದರಿಂದ ಒಂದು ವಿಷಯವು ವ್ಯಕ್ತವಾಗುವುದು. ಕೂಟವನ್ನು ಬಿಟ್ಟೇಳಬಲ್ಲವನು ಬಲ್ಲಿದನು. ಬಿಡಲಾರದವನಿಗೆ ಉಳಿದಿರುವ ಆಶ್ರಯವೆಂದರೆ ಮ್ಯೂಟ್ ಒಂದೇ. ಅತ್ತೆಯ ಮನೆಯವರ ಗ್ರೂಪಿನಲ್ಲಿರುವ ಹೊಸ ಸೊಸೆ, ಮೇಲಧಿಕಾರಿಯ ಗ್ರೂಪಿನಲ್ಲಿರುವ ಗುಮಾಸ್ತ, ಬಹುಮತದವರ ಹರಟೆಯ ನಡುವೆ ಸಿಕ್ಕಿಕೊಂಡ ಒಬ್ಬಿಬ್ಬರು ಅಲ್ಪಮತದವರು, ಇವರೆಲ್ಲರೂ ಸದ್ದಡಗಿಸಿಕೊಂಡು ಕುಳಿತಿರುವುದನ್ನು ಔದಾಸೀನ್ಯವೆಂದು ತಿಳಿಯುವುದು ಅನ್ಯಾಯ. ಅವರು ಬಳಗವನ್ನು ನೋಯಿಸದೆ ತಮ್ಮ ನೆಮ್ಮದಿಯನ್ನೂ ಉಳಿಸಿಕೊಳ್ಳಲು ಕಂಡುಕೊಂಡ ನಡುದಾರಿ ಅದು.

ಆದುದರಿಂದ ಈ ಚರಿತ್ರೆಯಲ್ಲಿ ಯಂತ್ರವು ಮಾಡಬಹುದಾದುದನ್ನು ಬಹುಮಟ್ಟಿಗೆ ಮಾಡಿದೆ. ಮಿಕ್ಕುದು ಗೃಹಸ್ಥರ ಪಾಲಿನದು. ಗ್ರೂಪನ್ನು ಕಟ್ಟುವ ಹಿರಿಯರು ಸೇರಿಸುವ ಮೊದಲು ಒಂದು ಮಾತು ಕೇಳುವುದು, ರಾತ್ರಿ ಹೊತ್ತು ಮೀರಿದಮೇಲೆ ಆಜ್ಞೆಗಳನ್ನು ಕಳುಹಿಸದಿರುವುದು, ಬಿಟ್ಟವನನ್ನು ಕಾರಣ ಕೇಳಿ ಕಾಡದಿರುವುದು, ಇವು ಹೊಸ ಕಾಲದ ತಾಂಬೂಲವೆನಿಸಬಹುದು. ಬಿಡುವವರಾದರೋ ಸುಳ್ಳು ಹಬ್ಬುತ್ತಿರುವ ಗ್ರೂಪಿನಿಂದ ಏಳುವುದಕ್ಕೆ ಮೊದಲು "ಇದು ನಿಜವಲ್ಲ" ಎಂಬ ಒಂದು ಸಾಲನ್ನು ಬರೆದು ಏಳುವುದು ಉಚಿತ. ೨೦೧೨ರಲ್ಲಿ ರೈಲು ನಿಲ್ದಾಣದ ಕಡೆಗೆ ಓಡಿದ ಸಾವಿರಾರು ಮಂದಿಗೂ, ೨೦೧೮ರಲ್ಲಿ ಮುರ್ಕಿಯ ಹಾದಿಯಲ್ಲಿ ಪ್ರಾಣ ಬಿಟ್ಟವನಿಗೂ ಸಕಾಲದಲ್ಲಿ ಬೇಕಾಗಿದ್ದುದು ಅಂಥ ಒಂದು ಸಾಲು.